ಆನೆಗೆ ನಿವೃತ್ತಿ ಇದೆ, ಮಾರ್ಕೆಟ್ಟಿಗೆ ಇಲ್ಲ

ದಸರಾ ಆನೆಗಳು ಕಾಡಿನಿಂದ ಮೈಸೂರಿಗೆ ಬಂದ ಮೇಲೆ ಅವುಗಳಿಗೆ ಮೊದಲು ತೂಕ ನೋಡುತ್ತಾರೆ. ಧನ್ವಂತರಿ ರಸ್ತೆಯ ವೇ ಬ್ರಿಡ್ಜ್ ಮೇಲೆ ಒಂದೊಂದನ್ನೇ ನಿಲ್ಲಿಸಿ ಎಷ್ಟು ಕಿಲೋ ಅಂತ ಬರೆದುಕೊಳ್ಳುತ್ತಾರೆ. ಐದು ಸಾವಿರ ಕಿಲೋ ದಾಟಿದ ಗಂಡಾನೆಯ ಸುದ್ದಿ ಮರುದಿನ ಪೇಪರಿನಲ್ಲಿ ಫೋಟೋ ಸಮೇತ ಬರುತ್ತದೆ. ಆಮೇಲೆ ತಾಲೀಮು. 750 ಕಿಲೋ ತೂಕದ ಅಂಬಾರಿ ಹೊರಬೇಕಾದ ಆನೆಗೆ ಮೊದಲು ಮರಳಿನ ಮೂಟೆ ಹೊರಿಸುತ್ತಾರೆ. ಸ್ವಲ್ಪ ಸ್ವಲ್ಪವೇ ಭಾರ ಜಾಸ್ತಿ ಮಾಡುತ್ತಾರೆ. ಪಿರಂಗಿ ಹಾರಿಸಿ ಬೆಚ್ಚುತ್ತದಾ ಅಂತ ನೋಡುತ್ತಾರೆ. ವಯಸ್ಸು 60 ದಾಟಿತು ಅಂದರೆ ಅಂಬಾರಿ ಹೊರಿಸುವ ಹಾಗಿಲ್ಲ. ಅರ್ಜುನ ಹಾಗೆಯೇ ನಿವೃತ್ತನಾದ, ಅಭಿಮನ್ಯು ಬಂದ.

ಅದೇ ಧನ್ವಂತರಿ ರಸ್ತೆಗೆ ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲು ಇದೆ. ಈ ಮಾರುಕಟ್ಟೆಗೆ ವಯಸ್ಸು ನೂರು ದಾಟಿ ಬಹಳ ಕಾಲವಾಯಿತು. ಇದರ ಬೆನ್ನ ಮೇಲೆ ನೂರಾರು ಅಂಗಡಿ. ಬಾಳೆಗೊನೆ, ಬೆಲ್ಲದ ಮೂಟೆ, ತೆಂಗಿನಕಾಯಿ ರಾಶಿ, ಇವೆಲ್ಲದರ ಜೊತೆ ಫೋಟೋ ತೆಗೆಯಲು ನಿಂತ ಪ್ರವಾಸಿಗರ ಭಾರ. ಇದಕ್ಕೆ ಯಾರೂ ಮರಳಿನ ಮೂಟೆ ಇಟ್ಟು ತಾಲೀಮು ಮಾಡಿಸಲಿಲ್ಲ. 60ಕ್ಕೆ ನಿವೃತ್ತಿ ಅಂತ ಯಾರೂ ಹೇಳಲಿಲ್ಲ. ಪಾಪ, ತಾನೇ ಅರ್ಜಿ ಹಾಕಿಕೊಂಡಿತು. 2016ರ ಆಗಸ್ಟ್ 28ರ ಭಾನುವಾರ ಉತ್ತರದ ಬಾಗಿಲ ಕಡೆಯ ಒಂದು ಭಾಗ ದಪ್ಪನೆ ಕೆಳಗೆ ಬಂತು. ಆಗ ಅಲ್ಲಿ ನಡೆಯುತ್ತಿದ್ದ ಕೆಲಸ ಯಾವುದು ಗೊತ್ತಾ? ದುರಸ್ತಿ.

ಅದಕ್ಕೂ ನಾಲ್ಕು ವರ್ಷ ಮುಂಚೆ, 2012ರ ಆಗಸ್ಟ್ 25ರಂದು, ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಅದರಲ್ಲಿ ನಗುವಂಥದ್ದು ಏನೂ ಇಲ್ಲ. ನಗು ಬರುವುದು ಆಮೇಲೆ ನಡೆದದ್ದಕ್ಕೆ. ಅಥವಾ ನಡೆಯದೆ ಹೋದದ್ದಕ್ಕೆ.

ಲ್ಯಾನ್ಸ್‌ಡೌನ್ ಅಂದರೆ ಮೈಸೂರಿನ ವಿದ್ಯಾರ್ಥಿಗಳಿಗೆಲ್ಲ ಪುಸ್ತಕದ ಅಂಗಡಿಗಳ ಸಾಲು. ವೈಸ್‌ರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಊರಿಗೆ ಬಂದ ನೆನಪಿಗೆ 1892ರಲ್ಲಿ ಕಟ್ಟಿದ್ದು. ಕುಸಿದ ಮೇಲೆ ಅಂಗಡಿ ಖಾಲಿ ಮಾಡಿಸಿದರು. ಬಿದ್ದುಹೋಗದ ಹಾಗೆ ಅಲ್ಲಲ್ಲಿ ಆಸರೆ ಕೊಟ್ಟರು. ಸ್ವಲ್ಪ ದುರಸ್ತಿ ಶುರು ಮಾಡಿದರು, ನಿಲ್ಲಿಸಿದರು. ಆಮೇಲೆ ನಮ್ಮ ಊರಿನ ನಿಜವಾದ ಕಸುಬು ಶುರುವಾಯಿತು. ಸಮಿತಿ.

ಒಂದು ತಜ್ಞರ ತಂಡ ಬಂದು ಗೋಡೆ ತಟ್ಟಿ ನೋಡಿತು. ಗಟ್ಟಿ ಇದೆ, ರಿಪೇರಿ ಮಾಡಬಹುದು ಅಂದಿತು. ಇನ್ನೊಂದು ತಂಡ ಬಂದು ಅದೇ ಗೋಡೆ ತಟ್ಟಿತು. ಆಗಲ್ಲ, ಕೆಡವಿ ಅಂದಿತು. ಇಬ್ಬರಲ್ಲಿ ಯಾರು ಸರಿ ಅಂತ ನೋಡಲು ಮತ್ತೊಂದು ತಂಡ ಬೇಕಾಯಿತು. ಹೀಗೆ ಎಲ್ಲರೂ ಬಂದು ತಟ್ಟಿ ತಟ್ಟಿ ಹೋದರು. ಇಷ್ಟು ತಟ್ಟಿಸಿಕೊಂಡೂ ನಿಂತಿದೆ ಅಂದರೆ ಕಟ್ಟಡ ಗಟ್ಟಿ ಇರಬೇಕು ಅನ್ನೋದು ನನ್ನ ಸ್ವಂತ ವರದಿ. ಅದನ್ನು ಯಾರೂ ಕೇಳಲಿಲ್ಲ ಬಿಡಿ. ಪರಂಪರೆ ಉಳಿಸಬೇಕು ಅನ್ನುವವರು ಕೋರ್ಟಿಗೆ ಹೋದರು. ಹನ್ನೊಂದು ವರ್ಷ ಕಳೆದು, 2023ರಲ್ಲಿ, ಲ್ಯಾನ್ಸ್‌ಡೌನ್, ದೇವರಾಜ ಮಾರುಕಟ್ಟೆ ಎರಡೂ ಕಟ್ಟಡ ಕೆಡವುವ ಸರ್ಕಾರದ ತೀರ್ಮಾನಕ್ಕೆ ಹೈಕೋರ್ಟ್ ಅಡ್ಡ ಬರಲಿಲ್ಲ.

ಹಾಗಂತ ಸುಮ್ನೆ ಕೆಡವಿ ಬಿಡುವ ಮಾತಲ್ಲ. ಕೆಡವಿ, ಅದೇ ಜಾಗದಲ್ಲಿ, ಅದೇ ಥರದ್ದನ್ನೇ ಮತ್ತೆ ಕಟ್ಟುತ್ತಾರಂತೆ. ಹಳೇ ಕಮಾನು, ಹಳೇ ಬಾಗಿಲು, ಹಳೇ ಬಣ್ಣ, ಒಳಗೆ ಮಾತ್ರ ಹೊಸ ಸಿಮೆಂಟ್. ತಾತನ ಕೋಟು, ಪೇಟ, ಕನ್ನಡಕ ಎಲ್ಲ ಮೊಮ್ಮಗನಿಗೆ ಹಾಕಿ ಕೂರಿಸಿ, ಪೆನ್ಷನ್ ಬರೋದು ನಿಲ್ಲಿಸಬೇಡಿ ಸ್ವಾಮಿ ಅಂದ ಹಾಗಾಯಿತು. ಕಾಮಗಾರಿ ಮುಗಿದ ದಿನವೇ ಪಾರಂಪರಿಕ ಕಟ್ಟಡ ಅನ್ನುವ ಫಲಕವನ್ನೂ ತೂಗುಹಾಕುತ್ತಾರೆ. ವಯಸ್ಸು ಒಂದು ದಿನ, ಪರಂಪರೆ 130 ವರ್ಷ.

ಕೆಡವುವವರ ಹತ್ತಿರ ಒಂದು ಒಳ್ಳೇ ವಾದವೂ ಇದೆ. ಈಗಿರುವ ಅರಮನೆಯೇ ಹಳೇ ಅರಮನೆ ಹೋದ ಮೇಲೆ ಕಟ್ಟಿದ್ದಲ್ಲವೇ ಅಂತ. ಒಪ್ಪೋಣ. 1897ರಲ್ಲಿ ಮದುವೆ ಸಮಯದ ಬೆಂಕಿಗೆ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ನಕ್ಷೆ ಬರೆದರು. 1912ಕ್ಕೆ ಅಂಬಾವಿಲಾಸ ಎದ್ದು ನಿಂತಿತ್ತು. ಖರ್ಚು 41 ಲಕ್ಷ ಚಿಲ್ಲರೆ. ಬೂದಿಯಿಂದ ಅರಮನೆಗೆ 15 ವರ್ಷ. ನಾವು ಲ್ಯಾನ್ಸ್‌ಡೌನ್ ಕೆಡವಬೇಕೋ ಬೇಡವೋ ಅಂತ ಚರ್ಚೆ ಮಾಡಿದ್ದೇ 11 ವರ್ಷ. ಆ ಕಾಲದಲ್ಲಿ ನಮ್ಮ ಈಗಿನ ಸಮಿತಿಗಳು ಇದ್ದಿದ್ದರೆ, ಬೂದಿಯನ್ನು ಇದ್ದ ಹಾಗೇ ಕಾಪಾಡಬೇಕು ಅಂತ ಒಬ್ಬರು, ಬೂದಿಯನ್ನು ತೆಗೆದು ಅದೇ ಥರದ ಹೊಸ ಬೂದಿ ಹಾಕಬೇಕು ಅಂತ ಇನ್ನೊಬ್ಬರು ವರದಿ ಕೊಟ್ಟಿರುತ್ತಿದ್ದರು.

ಅಷ್ಟಕ್ಕೂ ಈ ಕಟ್ಟಡಗಳಿಗೆ ಬಂದ ಕಾಯಿಲೆ ದೊಡ್ಡ ರಹಸ್ಯವೇನಲ್ಲ. ಸುಣ್ಣದ ಗಾರೆಯ ಗೋಡೆ. ಮೇಲೆ ಮದ್ರಾಸ್ ತಾರಸಿ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಚಾವಣಿ. ಮಳೆ ನೀರು ಹರಿದು ಹೋಗುವ ದೋಣಿಯಲ್ಲಿ ಕಸ ತುಂಬಿಕೊಂಡರೆ ನೀರು ತಾರಸಿಯಲ್ಲಿ ನಿಲ್ಲುತ್ತದೆ. ನೀರು ನಿಂತಲ್ಲಿ ಹಕ್ಕಿ ಹಾಕಿದ ಬೀಜ ಮೊಳೆಯುತ್ತದೆ. ಅರಳಿ ಗಿಡ ಬೇರು ಬಿಡುತ್ತದೆ. ಬಿರುಕು ಕಂಡವರು ಮೇಲೆ ಸಿಮೆಂಟ್ ಮೆತ್ತುತ್ತಾರೆ. ಸುಣ್ಣದ ಗೋಡೆಗೆ ಸಿಮೆಂಟ್ ಬಳಿದರೆ ತೇವ ಹೊರಗೆ ಹೋಗಲು ದಾರಿ ಇಲ್ಲದೆ ಗೋಡೆ ಒಳಗಿಂದಲೇ ಕೊಳೆಯುತ್ತದೆ. ಇದಕ್ಕೆ ಮದ್ದು ಅಂದರೆ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಒಬ್ಬ ಆಳು ಏಣಿ ಹತ್ತಿ ದೋಣಿ ಚೊಕ್ಕಟ ಮಾಡಿ, ಆ ಗಿಡ ಕಿತ್ತು ಹಾಕುವುದು. ಆದರೆ ಅದಕ್ಕೆ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ಬರೆಯಲು ಆಗಲ್ಲ. ಗುದ್ದಲಿ ಪೂಜೆ ಮಾಡಲು ಆಗಲ್ಲ. ಏಣಿ ಹತ್ತುವವನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರೆ ಚೆನ್ನಾಗೂ ಕಾಣಲ್ಲ. ಹಾಗಾಗಿ ಗಿಡ ಮರವಾಗುವ ತನಕ ಕಾಯುತ್ತೇವೆ. ಮರವಾದ ಮೇಲೆ ಅದನ್ನು ಕಡಿಯಲು ಅರಣ್ಯ ಇಲಾಖೆ ಕಡೆ ಕೈ ತೋರಿಸುತ್ತೇವೆ.

ಬಾಡಿಗೆದಾರರೂ ಏನು ಸಾಧುಗಳಲ್ಲ. ಬಾಡಿಗೆ ಕಾಫಿ ಖರ್ಚಿಗಿಂತ ಸ್ವಲ್ಪ ಮೇಲೆ, ಅಂಗಡಿ ಮಾತ್ರ ತಲೆಮಾರಿನಿಂದ ತಲೆಮಾರಿಗೆ. ಬೇಕಾದಲ್ಲಿ ಗೋಡೆ ಕೊರೆದು ಶೆಲ್ಫ್ ಮಾಡಿಕೊಂಡವರು, ಅಟ್ಟ ಕಟ್ಟಿಕೊಂಡವರು, ಕರೆಂಟು ಎಳೆದುಕೊಂಡವರು ಬೇಕಾದಷ್ಟು. ಆದರೂ ಒಂದು ಮಾತು ಹೇಳಲೇಬೇಕು. ನಗರದ ಹೃದಯ ಸತ್ತಿದೆ, ಜೀವ ತುಂಬಬೇಕು ಅಂತ ಭಾಷಣ ಮಾಡುವವರು ಬೆಳಗಿನ ಜಾವ ಒಮ್ಮೆ ಮಾರ್ಕೆಟ್ ಕಡೆ ಬರಬೇಕು. ಸೂರ್ಯ ಹುಟ್ಟುವ ಮುಂಚೆಯೇ ಸೊಪ್ಪಿನ ಕಟ್ಟು ಇಳಿಯುತ್ತದೆ, ಹೂವಿನ ಹರಾಜು ಕೂಗುತ್ತಾರೆ. ಯಾರ ಅನುದಾನಕ್ಕೂ ಕಾಯದೆ, ಯಾರ ಉದ್ಘಾಟನೆಯೂ ಇಲ್ಲದೆ ಇದು ದಿನಾ ನಡೆಯುತ್ತದೆ. ಒಬ್ಬ ಹೂವಿನಮ್ಮನನ್ನು ಕೇಳಿ ನೋಡಿ.

"ಏನಮ್ಮಾ, ಮಾರ್ಕೆಟ್ ಕೆಡವ್ತಾರಂತೆ?"

"ನಮ್ಮತ್ತೆ ಕಾಲ್ದಿಂದ ಕೆಡವ್ತಾನೇ ಅವ್ರೆ ಸಾ. ಎಷ್ಟು ಮೊಳ ಕೊಡ್ಲಿ?"

ಅವಳ ಬುಟ್ಟಿಯಲ್ಲಿರುವ ಮೈಸೂರು ಮಲ್ಲಿಗೆಗೆ ಜಿಐ, ಅಂದರೆ ಈ ಊರಿನದೇ ಸರಕು ಅನ್ನುವ ಭೌಗೋಳಿಕ ಗುರುತಿನ, ಮಾನ್ಯತೆ ಇದೆ. ಪಕ್ಕದ ಅಂಗಡಿಯ ಮೈಸೂರು ವೀಳ್ಯದೆಲೆಗೂ ಇದೆ. ಎದುರಿನ ನಂಜನಗೂಡು ರಸಬಾಳೆಗೂ ಇದೆ. ಇವರೆಲ್ಲ ಕೂತಿರುವ ಜಾಗಕ್ಕೆ ಮಾತ್ರ ಶಿಥಿಲ ಅನ್ನುವ ಮಾನ್ಯತೆ. ಇಂಟರ್ನೆಟ್ಟಿನಲ್ಲಿ ಮೈಸೂರು ಅಂತ ಹುಡುಕಿದರೆ ಅರಮನೆ ಬಿಟ್ಟರೆ ಮೊದಲು ಸಿಗುವುದು ಈ ಮಾರುಕಟ್ಟೆಯ ಕುಂಕುಮದ ರಾಶಿಯೇ. ಒಂದು ಇಲಾಖೆ ಬನ್ನಿ ಬನ್ನಿ ಅಂತ ಕರೆಯುತ್ತದೆ, ಇನ್ನೊಂದು ಇಲಾಖೆ ಒಳಗೆ ಹೋಗಬೇಡಿ, ಬೀಳುತ್ತದೆ ಅನ್ನುತ್ತದೆ. ಪ್ರವಾಸಿಗ ಇಬ್ಬರ ಮಾತೂ ಕೇಳಿ ಬಾಗಿಲಲ್ಲೇ ನಿಂತು ಫೋಟೋ ತೆಗೆದುಕೊಳ್ಳುತ್ತಾನೆ.

ಮಾರುಕಟ್ಟೆಯ ಮುಂದಿನ ಚಿಕ್ಕ ಗಡಿಯಾರದ ಚೌಕಕ್ಕೆ ಜೀವ ತುಂಬುವ ಕೆಲಸ ಆಗಲೇ ಆಗಿದೆ. ಕಲ್ಲು ಹಾಸಿ ಚೆಂದ ಮಾಡಿದರು. ಜೀವ ತುಂಬಬೇಕಾದರೆ ಮೊದಲು ಅಲ್ಲಿ ಜೀವಂತ ಇರುವವರನ್ನು ಖಾಲಿ ಮಾಡಿಸಬೇಕಲ್ಲ. ಬುಟ್ಟಿಯವರನ್ನು, ಗಾಡಿಯವರನ್ನು ಎಬ್ಬಿಸಿದರು. ಬೀದಿ ವ್ಯಾಪಾರಿಗಳನ್ನು ಹಾಗೆ ಸುಮ್ನೆ ಎಬ್ಬಿಸಬಾರದು ಅಂತ 2014ರಲ್ಲೇ ಸಂಸತ್ತು ಕಾಯ್ದೆ ಮಾಡಿದೆ. ಆದರೆ ಕಾಯ್ದೆಗೂ ಕಲ್ಲಿಗೂ ಏನು ಸಂಬಂಧ? ಸ್ವಲ್ಪ ದಿನ ಚೌಕದಲ್ಲಿ ಪಾರಿವಾಳ ಮತ್ತು ಪೊಲೀಸರು ಓಡಾಡಿಕೊಂಡಿದ್ದರು. ಆಮೇಲೆ ಅವರೆಕಾಯಿ ಕಾಲ ಬಂತು. ಬುಟ್ಟಿಗಳೂ ಬಂದವು.

ನಗರದ ಮಧ್ಯಭಾಗ ಅಭಿವೃದ್ಧಿ ಮಾಡುವುದರಲ್ಲಿ ನಮಗೆ ಅನುಭವ ಕಮ್ಮಿ ಅಂತ ಯಾರೂ ಅಂದುಕೊಳ್ಳಬಾರದು. ಮಕ್ಕಾಜಿ ಚೌಕದಲ್ಲಿ ಹಳೇದನ್ನು ಕೆಡವಿ ಕಾಂಪ್ಲೆಕ್ಸ್ ಕಟ್ಟಲು ಹೊರಟೆವು. ಕೆಡವುವ ಅರ್ಧ ಬೇಗ ಮುಗಿಯಿತು, ಕಟ್ಟುವ ಅರ್ಧ ವರ್ಷಗಟ್ಟಲೆ ನಿಂತಿತು. 1884ರ ರಂಗಾಚಾರ್ಲು ಪುರಭವನದ ಅಂಗಳದಲ್ಲಿ ನೆಲದಡಿ ಪಾರ್ಕಿಂಗ್ ಕಟ್ಟಲು ಗುಂಡಿ ತೋಡಿದೆವು. ಆ ಕಾಮಗಾರಿ ಒಂದು ದಶಕ ಮೀರಿ ಎಳೆಯಿತು. ಗುಂಡಿ ತೋಡಿದ ವರ್ಷ ಕೊಂಡ ಕಾರು ಅಲ್ಲಿ ನಿಲ್ಲುವ ಭಾಗ್ಯ ಕಾಣುವ ಹೊತ್ತಿಗೆ ಗುಜರಿಗೆ ಹೋಗುವ ವಯಸ್ಸಾಗಿತ್ತು. ಈಗಲೂ ಸಯ್ಯಾಜಿ ರಾವ್ ರಸ್ತೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುವವರನ್ನು ಕಂಡರೆ ಅಯ್ಯೋ ಅನ್ನಿಸುತ್ತದೆ. ಇಡೀ ಊರಿನಲ್ಲಿ ಗಾಡಿಗೆ ಜಾಗ ಇಲ್ಲ, ಕಡತಕ್ಕೆ ಮಾತ್ರ ಎಲ್ಲ ಮೇಜಿನ ಮೇಲೂ ಪಾರ್ಕಿಂಗ್ ಇದೆ.

2015ರಲ್ಲಿ ಕೇಂದ್ರ ಸರ್ಕಾರ 100 ಊರುಗಳನ್ನು ಸ್ಮಾರ್ಟ್ ಮಾಡುತ್ತೇನೆ ಅಂತ ಹೊರಟಾಗ ಮೈಸೂರು ಪಟ್ಟಿಗೆ ಸೇರಲಿಲ್ಲ. ಊರಿಗೆ ಬಹಳ ಬೇಜಾರಾಯಿತು. ದಾವಣಗೆರೆ, ಬೆಳಗಾವಿ, ತುಮಕೂರು, ಶಿವಮೊಗ್ಗ ಎಲ್ಲ ಇವೆ, ನಾವಿಲ್ಲ ಅಂದರೆ ಏನು? ಆಮೇಲೆ ಆ ಊರುಗಳ ನೆಂಟರು ಫೋನ್ ಮಾಡತೊಡಗಿದರು. ರಸ್ತೆ ಅಗೆದರಂತೆ, ಮುಚ್ಚಿದರಂತೆ, ಪೈಪ್ ಮರೆತಿತ್ತು ಅಂತ ಮತ್ತೆ ಅಗೆದರಂತೆ. ಐದು ವರ್ಷದಲ್ಲಿ ಮುಗಿಯಬೇಕಾದ ಯೋಜನೆ ಗಡುವು ಎಳೆದು ಎಳೆದು 2025ರ ಮಾರ್ಚ್‌ವರೆಗೆ ಬಂತು. ಒಂದೊಂದು ಊರಿಗೆ ಕೇಂದ್ರದಿಂದಲೇ 500 ಕೋಟಿ. ನಮಗೆ ಸಮಾಧಾನವಾಯಿತು. ಒಂದು ರೂಪಾಯಿ ಅನುದಾನ ಇಲ್ಲದೆ ನಾವೂ ಅದೇ ಜಾಗಕ್ಕೆ ತಲುಪಿದ್ದೇವೆ.

ಈ ನಡುವೆ ಕಟ್ಟಡಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತಿವೆ. 2022ರ ಮಳೆಗೆ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೇ ಕಟ್ಟಡದ ಒಂದು ಭಾಗ ಕುಸಿಯಿತು. ಊರಿನ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ನೂರಕ್ಕೂ ಹೆಚ್ಚು ಹೆಸರಿವೆ. ಪಟ್ಟಿಯಿಂದ ಒಂದು ಹೆಸರು ತೆಗೆಯಲು ಸರ್ಕಾರಕ್ಕೆ ವರ್ಷಗಟ್ಟಲೆ ಬೇಕು. ಮಳೆಗೆ ಒಂದು ರಾತ್ರಿ ಸಾಕು. ಟೆಂಡರ್ ಕರೆಯದೆ ಕೆಲಸ ಮುಗಿಸುವ ಏಕೈಕ ಗುತ್ತಿಗೆದಾರ ನಮ್ಮಲ್ಲಿ ಮಳೆಯೇ.

ಹೊಸ ಮಾರುಕಟ್ಟೆ ಕಟ್ಟಿದರೆ ಅದಕ್ಕೂ ನೆಲದಡಿ ಪಾರ್ಕಿಂಗ್ ಬೇಕೇ ಬೇಕು ಅನ್ನುವವರು ಇದ್ದಾರೆ. ಬರಲಿ. ಆದರೆ ಮಾರುಕಟ್ಟೆ ಇರುವುದು ದಿವಾನ್ ಪೂರ್ಣಯ್ಯನವರ ಕಾಲದ ನಾಲೆ ಹಾದುಹೋದ ಜಾಗದಲ್ಲಿ. ಪಾರ್ಕಿಂಗಿಗೆ ಅಗೆದಾಗ ನಾಲೆ ಸಿಕ್ಕರೆ ಅದು ಮಾರುಕಟ್ಟೆಗಿಂತ ಹಳೇದು. ಆಗ ಅದನ್ನು ಉಳಿಸಬೇಕಾ, ಮುಚ್ಚಬೇಕಾ, ಅಥವಾ ಒಡೆದು ಅದೇ ಥರದ ಹೊಸ ನಾಲೆ ಕಟ್ಟಬೇಕಾ ಅಂತ ನೋಡಲು ಇನ್ನೊಂದು ಸಮಿತಿ ಆಗಲೇಬೇಕು.

ಆ ಸಮಿತಿಗೆ ನನ್ನದೊಂದು ಸಣ್ಣ ಕೋರಿಕೆ. ಸಭೆಯನ್ನು ಎಸಿ ಹಾಲ್‌ನಲ್ಲಿ ಇಡಬೇಡಿ. ಲ್ಯಾನ್ಸ್‌ಡೌನ್ ಕಟ್ಟಡ ಖಾಲಿ ಇದೆ, ಬಾಡಿಗೆಯೂ ಇಲ್ಲ. ಕೆಳಗಿನ ಅಂತಸ್ತಿನಲ್ಲಿ, ಆಸರೆ ಕೊಟ್ಟಿರುವ ಕಡೆಯೇ ಮೇಜು ಕುರ್ಚಿ ಹಾಕಿಸೋಣ. ಪರವಾಗಿಲ್ಲ, ಗಟ್ಟಿ ಇದೆ ಅನ್ನುವವರು ಒಂದು ಕಡೆ ಕೂರಲಿ, ಇನ್ನೂ ಸ್ವಲ್ಪ ದಿನ ನೋಡೋಣ ಅನ್ನುವವರು ಇನ್ನೊಂದು ಕಡೆ. ಕಾಫಿ, ವಡೆ ಅಲ್ಲಿಗೇ ತರಿಸೋಣ. ಮುಂದಿನ ಸಭೆಗೆ ಮುಂದೂಡಲಾಗಿದೆ ಅಂತ ಬರೆಯಲು ಯಾರೂ ಕೈ ಎತ್ತಲ್ಲ, ಅರ್ಧ ಗಂಟೆಯಲ್ಲಿ ಸಹಿ ಬಿದ್ದಿರುತ್ತದೆ. ದಿನಾಂಕ ಆಗಸ್ಟ್ ಕೊನೇ ವಾರದಲ್ಲಿ ಇಟ್ಟುಕೊಂಡರೆ ಕಾಲು ಗಂಟೆ ಸಾಕು.