ಅವಳನ್ನು ಪಂಜರದಲ್ಲೇ ಬಿಟ್ಟು ಬಂದ

ನಿನ್ನೆ ರಾತ್ರಿ ಅಕ್ಕನ ಮಗನ ಮೇಲೆ ನಿಜವಾಗಿಯೂ ಸಿಟ್ಟು ಬಂತು.

ಇಂಜಿನಿಯರಿಂಗ್ ಎರಡನೇ ವರ್ಷ, ರಜೆಗೆ ಬಂದಿದ್ದಾನೆ. ಆಡು ಆಡು ಅಂತ ನಾನು ಅವನ ಜೀವ ತಿಂದಿದ್ದ ಬಾಲ್ಡರ್ಸ್ ಗೇಟ್ 3 ಅನ್ನೋ ಕಂಪ್ಯೂಟರ್ ಆಟ ಕೊನೆಗೂ ಶುರು ಮಾಡಿದ. ನಾನು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಹಾರುವ ಹಡಗು ಬಿತ್ತು, ಇವನು ದಡದಲ್ಲಿ ಎದ್ದ. ಸ್ವಲ್ಪ ದೂರ ಹೋದರೆ ಲೇಜೆಲ್ ಅನ್ನೋ ಯೋಧೆ ಪಂಜರದಲ್ಲಿ ನೇತಾಡುತ್ತಿದ್ದಾಳೆ. ಕೆಳಗೆ ಇಬ್ಬರು ಟೀಫ್ಲಿಂಗ್‌ಗಳು, ಅಂದರೆ ಕೊಂಬಿರುವ ಜನ, ಇವಳನ್ನು ಏನು ಮಾಡೋಣ ಅಂತ ಮಾತಾಡಿಕೊಳ್ಳುತ್ತಿದ್ದಾರೆ. ಅವರನ್ನು ಹೇಗೋ ಸಾಗಹಾಕಿದ. ಅಷ್ಟಾದ ಮೇಲೆ ಅವಳು ಬೇಡಿಕೊಳ್ಳಲಿಲ್ಲ, ಕೆಳಗಿಳಿಸು ಅಂತ ಅಪ್ಪಣೆ ಕೊಟ್ಟಳು.

"ಏನು ಸೊಕ್ಕು ನೋಡು ಚಿಕ್ಕಮ್ಮ. ಅಲ್ಲೇ ಇರಲಿ ಬಿಡು" ಅಂದ. ಬಿಟ್ಟು ಮುಂದೆ ಹೋಗಿಯೇಬಿಟ್ಟ.

ನನಗೆ ಅವರೆಕಾಯಿ ಸುಲಿಯೋಕೆ ಆಗಲಿಲ್ಲ. ತಟ್ಟೆ ಕೆಳಗಿಟ್ಟೆ.

ಈ ಆಟ ಬಂದ 2023ರಿಂದಲೂ ಇದೇ ಮಾತು ಕೇಳುತ್ತಿದ್ದೇನೆ. ಆಟದಲ್ಲಿ ಸಿಗುವ ಜೊತೆಗಾರರಲ್ಲಿ ಲೇಜೆಲ್ ಒರಟು, ಬೇಡ. ಅಸ್ಟೇರಿಯನ್ ಮೊದಲ ಭೇಟಿಯಲ್ಲೇ ಕುತ್ತಿಗೆಗೆ ಚಾಕು ಹಿಡಿದ, ಬೇಡ. ಕಾರ್ಲಾಕ್ ಬಂದರೆ ಮಾತ್ರ ಎಲ್ಲರಿಗೂ ಖುಷಿ. ಕಾರ್ಲಾಕ್ ನನಗೂ ಇಷ್ಟವೇ. ಬಾಯ್ತುಂಬ ನಗುತ್ತಾಳೆ, ಕಂಡವರನ್ನೆಲ್ಲ ತಬ್ಬಿಕೊಳ್ಳಬೇಕು ಅಂತಾಳೆ. ಅಂಥವಳನ್ನು ಪ್ರೀತಿ ಮಾಡೋಕೆ ನಮ್ಮಿಂದ ಏನೂ ಖರ್ಚಾಗಲ್ಲ. ನೊಂದವರು ಮೊದಲು ಮೃದುವಾಗಿ ಮಾತಾಡಬೇಕು, ಆಮೇಲೆ ನಾವು ಮರುಕ ತೋರಿಸೋಣ ಅನ್ನೋದು ಎಲ್ಲಿಯ ನ್ಯಾಯ?

ಲೇಜೆಲ್ ಯಾಕೆ ಹಾಗೆ ಅಂತ ತಿಳಿಯಬೇಕಾದರೆ ಅವಳ ಜೊತೆ ರೋಸಿಮಾರ್ನ್ ಅನ್ನೋ ಪಾಳುಮಠದ ಕೆಳಗಿರುವ ಕ್ರೆಷ್‌ಗೆ ಹೋಗಬೇಕು. ಅವಳ ಕುಲದವರಾದ ಗಿತ್‌ಯಾಂಕಿಗಳು ಮಕ್ಕಳನ್ನು ಬೆಳೆಸುವ ಜಾಗ ಅದು. ಮೊಟ್ಟೆಯೊಡೆದು ಹುಟ್ಟುವ ಆ ಮಕ್ಕಳಿಗೆ ತಾಯಿಯ ಮಡಿಲು ಅಂತ ಏನೂ ಇಲ್ಲ. ಬುದ್ಧಿ ಬರುವ ಮೊದಲೇ ಕೈಗೆ ಕತ್ತಿ. ಸೋತವರು ಸತ್ತರು, ಅಷ್ಟೇ. ಅಲ್ಲಿ ಬೆಳೆದವಳು ದಯವಿಟ್ಟು ಅನ್ನೋ ಮಾತನ್ನು ಯಾರಿಂದ ಕಲಿಯಬೇಕಿತ್ತು?

ಅವಳ ತಲೆಯೊಳಗೂ ಆಟದಲ್ಲಿ ನಮ್ಮ ಪಾತ್ರದ ತಲೆಯೊಳಗಿರುವಂಥದ್ದೇ ಹುಳ ಇದೆ. ಅದು ಬೆಳೆದರೆ ಅವಳೇ ಮೈಂಡ್ ಫ್ಲೇಯರ್ ಅನ್ನೋ, ಮೆದುಳು ತಿನ್ನುವ ರಾಕ್ಷಸ ಆಗಬೇಕು. ಹಿಂದೆ ಅವಳ ಇಡೀ ಕುಲವನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದವರೇ ಮೈಂಡ್ ಫ್ಲೇಯರ್‌ಗಳು. ಅವಳಿಗೆ ಸಾವಿಗಿಂತ ಅದರ ಭಯವೇ ಜಾಸ್ತಿ. ಒಂದು ರಾತ್ರಿ ಕ್ಯಾಂಪಿನಲ್ಲಿ ಹುಳ ಕೆಲಸ ಶುರು ಮಾಡಿತು ಅಂದುಕೊಂಡು ಚಾಕು ಹಿಡಿದು ಬರುತ್ತಾಳೆ. ನಮ್ಮನ್ನು ಮುಗಿಸಿ ತಾನೂ ಸಾಯಬೇಕು ಅಂತ. ಮೊದಲ ಸಲ ಅದನ್ನು ನೋಡಿದಾಗ ನನಗೂ ಸಿಟ್ಟೇ ಬಂದಿತ್ತು. ಎರಡನೇ ಸಲ ಆಡುವಾಗ ಅವಳ ಮುಖ ಸರಿಯಾಗಿ ನೋಡಿದೆ. ಎಷ್ಟು ಹೆದರಿದ್ದಾಳೆ ಅಂದರೆ, ಆ ಹೆದರಿಕೆಯನ್ನು ಯಾರಿಗೆ ಹೇಗೆ ಹೇಳಬೇಕು ಅಂತಲೇ ಅವಳಿಗೆ ಗೊತ್ತಿಲ್ಲ.

ಕ್ರೆಷ್ ತಲುಪಿದರೆ ಸಾಕು, ನಮ್ಮವರು ವಾಸಿ ಮಾಡುತ್ತಾರೆ ಅಂತ ದಾರಿಯುದ್ದಕ್ಕೂ ಹೇಳುತ್ತಲೇ ಇರುತ್ತಾಳೆ. ತಲುಪಿದ ಮೇಲೆ ಜೈಥಿಸ್ಕ್ ಅನ್ನೋ ಯಂತ್ರಕ್ಕೆ ತಾನಾಗಿ, ಹೆಮ್ಮೆಯಿಂದ ಹತ್ತುತ್ತಾಳೆ. ಅದು ವಾಸಿ ಮಾಡುವ ಯಂತ್ರವಲ್ಲ, ಕೊಲ್ಲುವ ಯಂತ್ರ. ಅವಳು ಒಳಗೆ ಕಿರುಚುತ್ತಿದ್ದರೆ ಸ್ವಂತ ಜನ ಸುಮ್ನೆ ನೋಡುತ್ತಾ ನಿಂತಿರುತ್ತಾರೆ. ಹೊರಗೆ ಬಂದ ಮೇಲೂ ಪಾಪ, ತಕ್ಷಣ ನಂಬೋಕೆ ಆಗಲ್ಲ ಅವಳಿಗೆ. ಏನೋ ತಪ್ಪಾಗಿರಬೇಕು, ರಾಣಿ ವ್ಲಾಕಿತ್‌ಗೆ ಗೊತ್ತಿರಲಿಕ್ಕಿಲ್ಲ ಅಂತ ಒದ್ದಾಡುತ್ತಾಳೆ. ಹುಟ್ಟಿದಾಗಿನಿಂದ ದೇವರಂತೆ ನಂಬಿದ ರಾಣಿಯೇ ತನ್ನನ್ನು ಬೇಡ ಅಂದಳು ಅಂತ ಒಪ್ಪಿಕೊಳ್ಳುವುದು ಸಣ್ಣ ಮಾತಾ?

ಇವಳನ್ನೇ ಇವನು ಅಲ್ಲೇ ಇರಲಿ ಬಿಡು ಅಂದಿದ್ದು.

ಲೇಜೆಲ್ ತೆಂಗಿನಕಾಯಿ ಥರ, ಮೇಲೆ ಗಟ್ಟಿ ಒಳಗೆ ಮೆತ್ತಗೆ ಅಂತ ಕೆಲವರು ಹೊಗಳುತ್ತಾರೆ. ಅದನ್ನೂ ನಾನು ಒಪ್ಪಲ್ಲ. ಅವಳು ಒಳಗೂ ಗಟ್ಟಿಯೇ. ಕೊನೆಯವರೆಗೂ ಮಾತು ಹರಿತವೇ. ಒಳಗೆಲ್ಲೋ ಬೆಣ್ಣೆ ಇದ್ದರೆ ಮಾತ್ರ ಕನಿಕರ ಅನ್ನೋದಾದರೆ ಅದೂ ಒಂದು ಷರತ್ತೇ ಆಯಿತು.

ಇನ್ನು ಅಸ್ಟೇರಿಯನ್. ಅವನ ಬಗ್ಗೆ ನಾನು ಯಾರಿಗೂ ಹೇಳದ ಒಂದು ವಿಷಯ ಇದೆ. ಇನ್ನೂರು ವರ್ಷ ಕಜಡಾರ್ ಅನ್ನೋ ವ್ಯಾಂಪೈರ್‌ನ ಗುಲಾಮನಾಗಿದ್ದವನು ಅವನು, ತಾನೂ ರಕ್ತ ಕುಡಿಯುವ ವ್ಯಾಂಪೈರೇ. ತಿನ್ನಲು ಇಲಿ. ಕೆಲಸ ಏನು ಅಂದರೆ, ತನ್ನ ರೂಪ ತೋರಿಸಿ, ಮೈ ಒಪ್ಪಿಸಿ, ಜನರನ್ನು ಯಜಮಾನನ ಹತ್ತಿರ ಕರೆತರುವುದು. ಮೂನ್‌ರೈಸ್ ಗೋಪುರದಲ್ಲಿ ಅರಾಜ್ ಅಂತ ಡ್ರೌ ಅನ್ನೋ ಕುಲದ ಒಬ್ಬಳು ಸಿಗುತ್ತಾಳೆ. ಅವನು ತನ್ನನ್ನು ಕಚ್ಚಬೇಕು ಅಂತ ಅವಳಿಗೆ ಆಸೆ. ಕಚ್ಚಿದರೆ ನಮಗೊಂದು ಔಷಧಿ ಕೊಡುತ್ತಾಳೆ. ಕುಡಿದರೆ ಶಕ್ತಿ ಎರಡು ಪಾಯಿಂಟ್ ಹೆಚ್ಚುತ್ತದೆ, ಶಾಶ್ವತವಾಗಿ. ಅವನು ಬೇಡ ಅಂದ. ನಾನು ಬಲವಂತ ಮಾಡಿದೆ. ಒಂದು ಸಲ ತಾನೆ, ಏನಾಗುತ್ತೆ ಅಂದುಕೊಂಡೆ. ಕಚ್ಚಿದ. ಆಮೇಲೆ ಅವನು ಆಡಿದ ಮಾತು ಕೇಳಿ ನಾನು ಕಂಪ್ಯೂಟರ್ ಆರಿಸಿ ಎದ್ದು ಹೋದೆ. ಇನ್ನೂರು ವರ್ಷ ಕಜಡಾರ್ ಮಾಡಿದ್ದನ್ನೇ ಎರಡು ಪಾಯಿಂಟ್‌ಗಾಗಿ ನಾನೂ ಮಾಡಿದ್ದೆ.

ಮುಂದಿನ ಸಲ ಆಡುವಾಗ, ನಿನಗೆ ಬೇಡ ಅಂದರೆ ಬೇಡ ಅಂತ ಅವನ ಪರ ನಿಂತೆ. ಆಮೇಲೆ ಕ್ಯಾಂಪಿನಲ್ಲಿ ಅವನೇ ಆ ಮಾತು ಎತ್ತಿ ಥ್ಯಾಂಕ್ಸ್ ಹೇಳುತ್ತಾನೆ. ಬೇಡ ಅನ್ನೋ ಹಕ್ಕು ತನಗೂ ಇದೆ ಅಂತ ಅವನಿಗೆ ಇನ್ನೂರು ವರ್ಷ ಯಾರೂ ಹೇಳಿರಲಿಲ್ಲ.

ಗೊತ್ತು, ಕಾಮೆಂಟಿನಲ್ಲಿ ಯಾರಾದರೂ ಕೇಳೇ ಕೇಳುತ್ತೀರಿ. ಅವನು ಗುರ್ ಅನ್ನೋ ಅಲೆಮಾರಿ ಜನರ ಮಕ್ಕಳನ್ನು ಕದ್ದು ಕಜಡಾರ್‌ಗೆ ಒಪ್ಪಿಸಲಿಲ್ಲವಾ ಅಂತ. ಒಪ್ಪಿಸಿದ. ಕಜಡಾರ್‌ನ ಅರಮನೆಯ ಕೆಳಗೆ ಏಳು ಸಾವಿರ ಜೀವ ಕೂಡಿಹಾಕಿದ್ದಾರೆ. ಅವರಲ್ಲಿ ಇವನು ಕರೆತಂದವರೂ ಇದ್ದಾರೆ, ಕಂಬಿಯ ಆಚೆಯಿಂದ ಇವನ ಮುಖ ನೋಡಿ ಕೇಳುತ್ತಾರೆ. ನಾನು ಅದನ್ನು ಮರೆತಿಲ್ಲ. ಮರುಕ ಅಂದರೆ ಮಾಫಿ ಅಂತ ಯಾರು ಹೇಳಿದರು? ಆ ಏಳು ಸಾವಿರ ಜೀವ ಬಲಿ ಕೊಟ್ಟರೆ ಇವನು ಕಜಡಾರ್‌ನ ಜಾಗದಲ್ಲಿ ಕೂರಬಹುದು. ಕೂರಬೇಕು ಅಂತಲೇ ಹೊರಡುತ್ತಾನೆ ಕೂಡ. ಆ ಹೊತ್ತಿನಲ್ಲಿ ಬೇಡ ಕಣೋ ಅಂತ ಹೇಳೋಕೆ ಒಬ್ಬರು ಪಕ್ಕದಲ್ಲಿರಬೇಕು. ಮೊದಲ ದಿನವೇ ಓಡಿಸಿದವರು ಅಲ್ಲಿ ಇರುವುದಿಲ್ಲ. ಬಲಿ ಬಿಟ್ಟುಕೊಟ್ಟು, ಕಜಡಾರ್‌ನನ್ನು ಇರಿದು ಇರಿದು ಮಂಡಿಯೂರಿ ಗೋಳೋ ಅಂತ ಅಳುತ್ತಾನಲ್ಲ, ಆ ಅಳು ಕೇಳಿದವರು ನನ್ನ ಜೊತೆ ವಾದ ಮಾಡಲಿ.

ಆಟ ತಾನೆ, ಇಷ್ಟೆಲ್ಲ ಯಾಕೆ ಅಂತ ಅಕ್ಕನ ಮಗನೂ ಕೇಳಿದ.

ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಅಮ್ಮ ಹೋದ ಮೇಲೆ ಒಂದು ವರ್ಷ ನಾನು ಹೇಗಿದ್ದೆ ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಬಾಯಿ ಬಿಟ್ಟರೆ ಬೆಂಕಿ. ನೋಡೋಕೆ ಬಂದವರನ್ನು ಬಾಗಿಲಲ್ಲೇ ಅಂದು ಕಳಿಸಿದ್ದೇನೆ. ಒಬ್ಬೊಬ್ಬರೇ ಫೋನ್ ಮಾಡೋದು ಬಿಟ್ಟರು. ಅವರದು ತಪ್ಪು ಅಂತ ನಾನು ಹೇಳಲ್ಲ. ಅಕ್ಕ ಮಾತ್ರ ಬಿಡಲಿಲ್ಲ. ಅವಳಿಗೂ ಹೋಗಿದ್ದು ಅದೇ ಅಮ್ಮ. ಆದರೂ ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನ್. ನಾನು ಹ್ಞೂಂ ಅನ್ನುತ್ತಿದ್ದೆ, ಇಲ್ಲ ಕಟ್ ಮಾಡುತ್ತಿದ್ದೆ. ಮುಂದಿನ ಭಾನುವಾರ ಹತ್ತಕ್ಕೆ ಮತ್ತೆ ಅವಳೇ. ಏನು ತಿಂದೆ, ನಲ್ಲಿಯಲ್ಲಿ ನೀರು ಬಂತಾ, ಇಷ್ಟೇ ಕೇಳುತ್ತಿದ್ದಳು. ಸರಿಯಾಗಿ ಮಾತಾಡು ಅಂತ ಒಂದು ದಿನವೂ ಹೇಳಲಿಲ್ಲ. ಆಗ ಇವನಿಗೆ ಒಂಬತ್ತು ವರ್ಷ, ಇವನಿಗೆ ಏನು ನೆನಪಿರುತ್ತೆ?

ಇವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹಳೇ ಸೇವ್ ತೆರೆದ. ವಾಪಸ್ ದಡಕ್ಕೆ ಹೋಗಿ ಪಂಜರ ಕೆಳಗೆ ಬೀಳಿಸಿದ. ಲೇಜೆಲ್ ಎದ್ದು ನಿಂತು, ಹೊರಡೋಣ ಅನ್ನುವ ಹಾಗೆ ಮತ್ತೆ ಅದೇ ಗತ್ತಿನಲ್ಲಿ ಮಾತಾಡಿದಳು.

"ಥ್ಯಾಂಕ್ಸ್ ಕೂಡ ಹೇಳಲಿಲ್ಲ ಚಿಕ್ಕಮ್ಮ."

"ಹೇಳಲ್ಲ. ಕರೆದುಕೊಂಡು ನಡಿ" ಅಂದೆ. ಅವರೆಕಾಯಿ ತಟ್ಟೆ ಮತ್ತೆ ತೊಡೆ ಮೇಲೆ ಇಟ್ಟುಕೊಂಡೆ.