ಚಂದ್ರನಿಂದ ಸಹಿ ಮಾಡಿಸಿಕೊಂಡು ಬನ್ನಿ

ಗುಡ್ ಫ್ರೈಡೇ ದಿನ ಬೆಳಿಗ್ಗೆ ಆರೂಕಾಲಿಗೆ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಒಂದು ಚಿತ್ರ ಬಂತು. ಗುಲಾಬಿ ಹೂ, ಎರಡು ಬಲೂನು, ಮಧ್ಯೆ ಮಿಣಮಿಣ ಮಿನುಗುವ ಅಕ್ಷರದಲ್ಲಿ 'ಹ್ಯಾಪಿ ಗುಡ್ ಫ್ರೈಡೇ'. ಕಳಿಸಿದವರು ಮ್ಯಾನೇಜರ್ ಸಾಹೇಬ್ರು. ಕೆಳಗೆ ಇಪ್ಪತ್ತು ಜನ ಕೈ ಮುಗಿದರು. ಏಸುವನ್ನು ಶಿಲುಬೆಗೇರಿಸಿದ ದಿನಕ್ಕೆ ಬಲೂನು ಯಾಕೆ ಅಂತ ಯಾರೂ ಕೇಳಲಿಲ್ಲ. ಅಕೌಂಟ್ಸ್ ಅಕ್ಕ ಒಬ್ಬರೇ ಏನೂ ಹಾಕಲಿಲ್ಲ. ಅವರು ಉಪವಾಸದಲ್ಲಿದ್ದರು. ಒಂಬತ್ತೂವರೆಗೆ ಡ್ಯೂಟಿಯಲ್ಲೂ ಇದ್ದರು.

ಮೊಹರಂಗೂ ಇದೇ ಕತೆ. ಕರ್ಬಲಾದಲ್ಲಿ ಮಡಿದವರನ್ನು ನೆನೆಯುವ ದಿನಕ್ಕೆ ಸರ್ಕಲ್ಲಿನಲ್ಲಿ 'ಹಾರ್ದಿಕ ಶುಭಾಶಯಗಳು' ಎಂಬ ಫ್ಲೆಕ್ಸ್ ಏಳುತ್ತದೆ. ಅದರಲ್ಲಿ ಹದಿನಾರು ಜನ ಹಲ್ಲು ಬಿಟ್ಟು ನಗುತ್ತಿರುತ್ತಾರೆ.

ಅಂದಹಾಗೆ, ನಮ್ಮ ಆಫೀಸು ಎಲ್ಲ ಧರ್ಮಗಳನ್ನೂ ಗೌರವಿಸುತ್ತದೆ. ಹಾಗಂತ ಗೋಡೆ ಮೇಲೇ ಬರೆಸಿದ್ದಾರೆ. ರಜೆ ಒಂದನ್ನು ಮಾತ್ರ ಕೇಳಬಾರದು.

ನಮ್ಮಂಥ ಖಾಸಗಿಯವರಿಗೆ 1963ರ ಹಬ್ಬದ ರಜೆಯ ಕಾಯ್ದೆ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಬಿಟ್ಟರೆ ಹಬ್ಬಕ್ಕೆ ಅಂತ ಇನ್ನೈದು ದಿನ. ಆ ಐದನ್ನು ಆರಿಸೋಕೆ ಮೀಟಿಂಗ್ ಆಯಿತು. ಸಂಕ್ರಾಂತಿ, ಯುಗಾದಿ, ಗಣಪತಿ, ಆಯುಧಪೂಜೆ, ದೀಪಾವಳಿ. ಬೆರಳು ಮುಗಿದವು. "ಇವೆಲ್ಲ ಎಲ್ಲರ ಹಬ್ಬ ಅಲ್ವಾ" ಅಂದರು ಮ್ಯಾನೇಜರ್. ಎಲ್ಲರೂ ಚಾ ಕುಡಿದು ಎದ್ದರು. ನಾನೂ ಕುಡಿದೆ. ಸುಳ್ಳು ಯಾಕೆ, ದೀಪಾವಳಿಗೆ ನನಗೂ ಊರಿಗೆ ಹೋಗಬೇಕಿತ್ತು.

ಉಳಿದವರು ತಮ್ಮ ಸ್ವಂತ ರಜೆ ಹಾಕಿಕೊಳ್ಳಬಹುದು. ಷರತ್ತು ಇಷ್ಟೇ: ಅರ್ಜಿ ಮೂರು ದಿನ ಮುಂಚೆ ಕೊಡಬೇಕು, ತಾರೀಖು ಖಚಿತ ಇರಬೇಕು. ಸ್ಟೋರ್ಸ್‌ನ ಭಾಯ್ ರಂಜಾನ್‌ಗೆ ಅರ್ಜಿ ಬರೆದರು, 'ಶುಕ್ರವಾರ ಅಥವಾ ಶನಿವಾರ, ಚಂದ್ರ ಕಂಡಂತೆ'. ಮಧ್ಯಾಹ್ನಕ್ಕೆ ಅರ್ಜಿ ವಾಪಸ್. ಕೆಂಪು ಇಂಕಿನಲ್ಲಿ ಷರಾ: 'ಅಥವಾ ನಡೆಯುವುದಿಲ್ಲ. ಖಚಿತಪಡಿಸಿ.' ಯಾರು ಖಚಿತಪಡಿಸಬೇಕು, ಚಂದ್ರನಾ? ಸರ್ಕಾರದ ರಜೆ ಪಟ್ಟಿಯೇ ಈ ವಿಷಯದಲ್ಲಿ ಸೋಲೊಪ್ಪಿಕೊಂಡಿದೆ. ಹಬ್ಬ ಹೇಳಿದ ತಾರೀಖಿಗೆ ಬರದಿದ್ದರೆ ಮುಸ್ಲಿಂ ನೌಕರರಿಗೆ ಬದಲಿ ದಿನ ರಜೆ ಕೊಡಬಹುದು ಅಂತ ಕೆಳಗೆ ಸಣ್ಣಕ್ಷರದಲ್ಲಿ ಹಾಕಿಬಿಟ್ಟಿದೆ. ನಮ್ಮ ಆಫೀಸು ಸರ್ಕಾರಕ್ಕಿಂತ ಕಟ್ಟುನಿಟ್ಟು.

ಚಂದ್ರಮಾನದ ಲೆಕ್ಕವಾದ್ದರಿಂದ ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಮುಂಚೆ ಬರುತ್ತಾ ಹೋಗುತ್ತದೆ. 2016ರಲ್ಲಿ ಜುಲೈಗೆ ಬಿದ್ದಿತ್ತು. ಜುಲೈಯಲ್ಲಿ ಆಗುಂಬೆ ಕಡೆ ಸೂರ್ಯನೇ ಕಾಣಲ್ಲ, ಇನ್ನು ಚಂದ್ರನ ಆ ಸಣ್ಣ ಗೆರೆ ಎಲ್ಲಿ ಹುಡುಕೋದು? ಅದೇ ಜುಲೈಯಲ್ಲಿ ಮಳೆ ಜೋರಾದರೆ ಬೆಳಗಾಗುವುದರೊಳಗೆ ಶಾಲೆಗಳಿಗೆ ರಜೆ ಘೋಷಣೆ ಆಗಿರುತ್ತದೆ. ಮೂರು ದಿನ ಮುಂಚೆ ಅರ್ಜಿ ಕೊಟ್ಟಿದ್ಯಾ ಅಂತ ಮಳೆಯನ್ನು ಯಾರೂ ಕೇಳಿದ್ದಿಲ್ಲ.

ಇದು ಬರೀ ಅನ್ಯಧರ್ಮದವರ ಪಾಡು ಅಂದುಕೊಳ್ಳಬೇಡಿ. ಡಿಸ್ಪ್ಯಾಚ್ ಹುಡುಗ ಸಾಗರದ ಕಡೆಯವನು. ಭೂಮಿ ಹುಣ್ಣಿಮೆಗೆ ರಜೆ ಕೇಳಿದ.

"ಎಂತದು ಮಾರಾಯ ಅದು? ಕ್ಯಾಲೆಂಡರ್‌ನಲ್ಲಿ ಇಲ್ವಲ್ಲ?"

"ಸೀಗೆ ಹುಣ್ಣಿಮೆ ಅಂತ ಇದೆ ಸಾರ್, ಇಲ್ನೋಡಿ."

"ಕಪ್ಪಕ್ಷರದಲ್ಲಿದೆ. ಕೆಂಪಲ್ಲಿ ಇದ್ರೆ ಹೇಳು."

ಕೊಡಗಿನವರಿಗೆ ಹುತ್ತರಿ, ಕೈಲ್ ಮುಹೂರ್ತಕ್ಕೆ ಅವರ ಜಿಲ್ಲೆಯ ಮಟ್ಟಿಗಾದರೂ ರಜೆ ಇದೆ. ಇವನ ಮನೆಯಲ್ಲಿ ಅವ್ವ ವಾರದಿಂದ ಕೂತು ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದಿರುತ್ತಾಳೆ. ಹಿಂದಿನ ರಾತ್ರಿ ಒಲೆ ಆರುವುದಿಲ್ಲ. ಗದ್ದೆಯಲ್ಲಿ ಬತ್ತ ಹೊಡೆ ತುಂಬಿ ನಿಂತಿದೆ, ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಊಟ. ನಸುಕಿಗೇ ಬುಟ್ಟಿ ಹೊತ್ತು ಹೋಗಿ ಗದ್ದೆಗೆ ಚರಗ ಚೆಲ್ಲಬೇಕು, ಅಲ್ಲೇ ಕೂತು ಉಣ್ಣಬೇಕು. ಭಾನುವಾರ ಮಾಡ್ತೀನಿ ಇರು ಅಂತ ಬಸುರಿಗೆ ಹೇಳೋಕಾಗುತ್ತಾ?

ಅವನಿಗೆ ಜ್ವರ ಬಂತು. ಹೋದ ವರ್ಷವೂ ಅದೇ ದಿನ ಬಂದಿತ್ತು. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಸಿಕ್ಕ ಮಂಗನ ಕಾಯಿಲೆಯೂ ಇಷ್ಟು ಪಂಚಾಂಗ ನೋಡಿಕೊಂಡು ಬರಲ್ಲ. ಮಾರನೇ ದಿನ ಜ್ವರ ಬಿಟ್ಟು ಬಂದವನ ಬ್ಯಾಗಿನಿಂದ ಕಡುಬು ಹೊರಬಂತು. ಮೊದಲ ಕಡುಬು ಎತ್ತಿಕೊಂಡವರು ಮ್ಯಾನೇಜರ್ರೇ. "ಹುಷಾರಾದ್ಯಾ?" ಅಂತಲೂ ಕೇಳಿದರು.

ಇಷ್ಟರ ಮಧ್ಯೆ ಮೇಲಿನಿಂದ ಸುತ್ತೋಲೆ ಬಂತು. ಪ್ರತಿ ಶಾಖೆಯಲ್ಲೂ 'ಸರ್ವಧರ್ಮ ಹಬ್ಬಗಳ ಗೌರವ ದಿನ' ಆಚರಿಸಿ ಫೋಟೊ ಕಳಿಸಬೇಕಂತೆ. ನಮ್ಮಲ್ಲಿ ಶನಿವಾರ ಅಂತ ನಿಗದಿಯಾಯಿತು. ಹೌದು, ಭಾಯ್ ಅರ್ಜಿಯಲ್ಲಿದ್ದ ಅದೇ ಶನಿವಾರ. ಗುರುವಾರ ಸಂಜೆ ಚಂದ್ರ ಕಾಣಲಿಲ್ಲ. ಹಬ್ಬ ಶನಿವಾರಕ್ಕೇ ಹೋಯಿತು. ಶುಕ್ರವಾರ ಭಾಯ್ ಖಚಿತವಾದ ತಾರೀಖು ಹಾಕಿ ಹೊಸ ಅರ್ಜಿ ಹಿಡಿದು ನಿಂತರು. ಮ್ಯಾನೇಜರ್ ಮುಖದಲ್ಲಿ ನಿಜವಾದ ಗಾಬರಿ.

"ನೀವೇ ಬರ್ಲಿಲ್ಲ ಅಂದ್ರೆ ನಿಮ್ಮ ಧರ್ಮದ ಪರವಾಗಿ ಸ್ಟೇಜ್ ಮೇಲೆ ಯಾರು ಕೂರ್ತಾರೆ ಭಾಯ್?"

ಭಾಯ್ ಈದ್ಗಾದಲ್ಲಿ ನಮಾಜು ಮುಗಿಸಿ ಹನ್ನೊಂದಕ್ಕೆ ಬಂದರು. ಹೊಸ ಬಟ್ಟೆ, ಅತ್ತರಿನ ಘಮ. ಮನೆಯಲ್ಲಿ ಮಕ್ಕಳು ಕಾಯುತ್ತಿದ್ದರು, ಮೊಬೈಲ್ ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಅವರಿಗೊಂದು ಶಾಲು, ಹಣ್ಣಿನ ಬುಟ್ಟಿ. ಅಕೌಂಟ್ಸ್ ಅಕ್ಕ ಎಡಕ್ಕೆ, ಭಾಯ್ ಬಲಕ್ಕೆ, ನಡುವೆ ಮ್ಯಾನೇಜರ್. ಫೋಟೊ ಚೆನ್ನಾಗಿ ಬಂತು. ಶಾಲು ಹೊದಿಸುವಾಗ ಅವರು ಭಾಯ್ ಕಿವಿಯಲ್ಲಿ ಏನೋ ಹೇಳಿದರು. ಪಕ್ಕದಲ್ಲಿದ್ದ ನನಗೆ ಕೇಳಿಸಿದ್ದು "ಬಿರಿಯಾನಿ" ಅಂತ.

ಆ ಫೋಟೊ ಈಗ ಗೋಡೆಬರಹದ ಕೆಳಗೆ ಫ್ರೇಮಿನಲ್ಲಿ ನೇತಾಡುತ್ತಿದೆ. ತಿಂಗಳ ಕೊನೆಗೆ ಭಾಯ್ ಸಂಬಳದ ಚೀಟಿ ತೋರಿಸಿದರು. ಶನಿವಾರ ತಡವಾಗಿ ಬಂದಿದ್ದಕ್ಕೆ ಅರ್ಧ ದಿನದ ಸಂಬಳ ಕಟ್.