ಹೊರಗೆ ಬಿಸಿಲು, ಒಳಗೆ ಸೋನೆ

ಮೋಟಾರ್‌ಹೋಮ್ ಎಂಬ ಚಕ್ರದ ಮೇಲಿನ ಮನೆ ಇಟ್ಟುಕೊಂಡವರ ಜೊತೆ ಒಂದು ಸಂಜೆ ಕೂತು ನೋಡಿ. ಎಂಜಿನ್ ವಿಷಯ ಬರುತ್ತದೆ, ಬ್ಯಾಟರಿ ವಿಷಯ ಬರುತ್ತದೆ, ಶೌಚದ ಟ್ಯಾಂಕಿನ ಬಗ್ಗೆಯಂತೂ ಊಟದ ಮಧ್ಯೆಯೇ ಸಂಕೋಚವಿಲ್ಲದೆ ಚರ್ಚೆಯಾಗುತ್ತದೆ. ಚಾವಣಿಯ ಮೇಲೆ ಕೂತಿರುವ ಎಸಿಯ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಮಾತ್ರ, "ಎಲ್ಲೋ ಹೋಗುತ್ತಪ್ಪ, ಬಿಡಿ" ಎನ್ನುತ್ತಾರೆ. ಆ 'ಎಲ್ಲೋ' ನಮ್ಮ ಗಾಡಿಯಲ್ಲಿ ಮಾವನವರ ನೆತ್ತಿಯಾಗಿತ್ತು.

ಎಸಿ ತಂಪು ಕೊಡಲೆಂದೇ ಹುಟ್ಟಿದ್ದು ಎಂದು ನಾವೆಲ್ಲ ನಂಬಿದ್ದೇವೆ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರು ಇದರ ಮೂಲಪುರುಷನನ್ನು ರೂಪಿಸಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ. ಅಲ್ಲಿನ ಕೆಲಸಗಾರರಿಗೆ ಸೆಕೆಯಾಗುತ್ತಿದೆ ಎಂಬ ಮರುಕ ಅದಕ್ಕೆ ಕಾರಣವಲ್ಲ. ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಜಾಗ ತಪ್ಪುತ್ತಿದ್ದವು. ಅಂದರೆ ಗಾಳಿಯಿಂದ ನೀರು ಹಿಂಡುವುದು ಈ ಯಂತ್ರದ ಹುಟ್ಟುಗುಣ. ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವ ಹಾಗೆ ಒಳಗಿನ ತಣ್ಣನೆಯ ಸುರುಳಿಯೂ ಬೆವರುತ್ತದೆ, ಅಷ್ಟೇ ವಿಷಯ.

ಎಷ್ಟು ಬೆವರುತ್ತದೆ ಎಂದು ಲೆಕ್ಕ ಹಾಕಿದ ಮೇಲೆ ನನಗೆ ಅದರ ಮೇಲೆ ಗೌರವ ಹೆಚ್ಚಿತು. ಇಂಥ ಗಾಡಿಗಳ ಎಸಿ ಸಾಮಾನ್ಯವಾಗಿ 13,500 ಇಲ್ಲವೇ 15,000 ಬಿಟಿಯು; ಗಂಟೆಗೆ ಎಷ್ಟು ಶಾಖ ಎಳೆಯುತ್ತದೆ ಎಂಬುದರ ಅಳತೆ ಅದು. ದೊಡ್ಡದೆಂದರೆ ಸುಮಾರು 4.4 ಕಿಲೋವ್ಯಾಟ್ ಶಾಖ ಎಳೆಯುವ ತಾಕತ್ತು. ಅದರಲ್ಲಿ ಕಾಲು ಭಾಗ ಆವಿಯನ್ನು ನೀರು ಮಾಡುವುದಕ್ಕೆ ಹೋಯಿತು ಎಂದುಕೊಂಡರೂ ಗಂಟೆಗೆ ಒಂದೂವರೆ ಲೀಟರ್ ನೀರು. ಜಿಗುಟು ಸೆಕೆಯ ರಾತ್ರಿ ಎಂಟು ಗಂಟೆ ಬಿಡದೆ ಓಡಿದರೆ ನೆತ್ತಿಯ ಮೇಲೆ ಒಂದು ಬಕೆಟ್ ನೀರು ತಯಾರು.

ಇಷ್ಟು ನೀರಿಗೆ ತಯಾರಕರು ಮಾಡಿರುವ ವ್ಯವಸ್ಥೆ ಕೇಳಿದರೆ ನಗು ಬರುತ್ತದೆ. ಸುರುಳಿಯ ಕೆಳಗೊಂದು ತಟ್ಟೆ, ತಟ್ಟೆಯ ಅಂಚಿನಲ್ಲಿ ಸಣ್ಣ ತೂತುಗಳು. ತೂತಿನಿಂದ ನೀರು ಚಾವಣಿಗೆ, ಚಾವಣಿಯಿಂದ ನೆಲಕ್ಕೆ. ದಾರಿಯಲ್ಲಿ ಗೋಡೆಯ ಮೇಲೆ ಕಪ್ಪು ಗೆರೆ ಎಳೆದುಕೊಂಡು ಹೋಗುತ್ತದೆ. ಕೊಳವೆ ಕೂಡಿಸಿ ಗೋಡೆಯೊಳಗಿಂದ ಇಳಿಸಿರುವ ಗಾಡಿಗಳೂ ಇವೆ, ನಮ್ಮದು ಆ ಪುಣ್ಯ ಮಾಡಿಲ್ಲ. "ಇಷ್ಟು ದುಡ್ಡು ಸುರಿದಿದ್ದೀವಿ, ಒಂದು ಪೈಪ್ ಹಾಕೋಕೆ ಏನಾಗಿತ್ತಂತ್ರೀ ಅವರಿಗೆ?" ಎಂದು ನನ್ನ ಹೆಂಡತಿ ಕೇಳಿದ ಪ್ರಶ್ನೆಗೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ. ಆ ತಟ್ಟೆಗೆ ಸ್ವಲ್ಪ ಪಕ್ಕದಲ್ಲೇ, ಚಾವಣಿಯಲ್ಲಿ 14 ಇಂಚು ಚೌಕದ ಕಿಂಡಿ. ಕಿಂಡಿಯ ಸುತ್ತ ನೀರು ನುಗ್ಗದಂತೆ ತಡೆಯುವ ಒಂದು ಸ್ಪಂಜಿನ ಪಟ್ಟಿ, ಅಂದರೆ ಗ್ಯಾಸ್ಕೆಟ್, ಅದನ್ನು ಒಳಗಿನಿಂದ ಬಿಗಿದು ಹಿಡಿದಿರುವ ನಾಲ್ಕು ಬೋಲ್ಟು. ನಮಗೂ ಆಕಾಶಗಂಗೆಗೂ ನಡುವೆ ಇರುವುದು ಇಷ್ಟೇ.

ಅವತ್ತು ರಾತ್ರಿಯಿಡೀ ಎಸಿ ಓಡಿತ್ತು. ಹೊರಗೆ ನೆಲಕ್ಕೆ ಒಂದು ಹನಿ ಬಿದ್ದಿರಲಿಲ್ಲ. ಅನುಮಾನ ಬರಬೇಕಾದದ್ದೇ ಅದಕ್ಕೆ, ಆದರೆ ಹನಿ ಬೀಳಲಿಲ್ಲವೆಂದು ಯಾರು ತಾನೇ ಚಿಂತೆ ಮಾಡುತ್ತಾರೆ? ಬೆಳಿಗ್ಗೆ ಹೊರಟೆವು. ಮಾವನವರು ಎಸಿಯ ಜಾಲರಿಯ ನೇರ ಕೆಳಗೆ ಪೇಪರ್ ಬಿಡಿಸಿ ಕೂತಿದ್ದರು. ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿದೆ. ತಟ್ಟೆಯಲ್ಲಿ ರಾತ್ರಿಯಿಂದ ನಿಂತಿದ್ದ ನೀರಷ್ಟೂ ಮುಂದಕ್ಕೆ ತುಳುಕಿ, ಕಿಂಡಿ ದಾಟಿ, ಜಾಲರಿಯಿಂದ ಸಹಸ್ರಧಾರೆಯಾಗಿ ಇಳಿಯಿತು.

ಮಾವನವರು ಕೂಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಅಳಿಯಂದಿರೇ, ಮಳೆ ಬಂತು ಅಂತ ಕಾಣುತ್ತೆ, ಮೇಲಿನ ಕಿಟಕಿ ಹಾಕ್ತೀರಾ?" ಎಂದರು. ಹೊರಗೆ ಕಣ್ಣು ಕುಕ್ಕುವ ಬಿಸಿಲು.

ಆಮೇಲೆ ಶುರುವಾಯಿತು ತಜ್ಞರ ಸಭೆ. ಚಾವಣಿ ಬಿರುಕು ಬಿಟ್ಟಿದೆ ಎಂದು ಹೆಂಡತಿ. ಫ್ರಿಜ್ಜಿನದೇ ಕಿತಾಪತಿ ಎಂದು ಅತ್ತೆ. ಅವರಿಗೆ ಆ ಫ್ರಿಜ್ಜಿನ ಮೇಲೆ ಮೊದಲಿಂದಲೂ ಸಿಟ್ಟು. ಮುಂದಿನ ತಂಗುದಾಣದಲ್ಲಿ ಪಕ್ಕದ ಗಾಡಿಯ ಸಜ್ಜನರೊಬ್ಬರು ಕೇಳದೆಯೇ ಬಂದು, ಸಿಲಿಕೋನ್ ಟ್ಯೂಬ್ ಹಿಡಿದು ನಿಂತರು. ಗ್ಯಾಸ್ಕೆಟ್ಟಿನ ಸುತ್ತ ಬಳಿದುಬಿಟ್ಟರೆ ಜನ್ಮದಲ್ಲಿ ಸೋರುವುದಿಲ್ಲವಂತೆ. ಹೋಗಲು ದಾರಿಯಿಲ್ಲದೆ ಒಳಗೆ ನುಗ್ಗಿದ ನೀರಿಗೆ, ಇರುವ ದಾರಿಯನ್ನೂ ಮುಚ್ಚುವ ಈ ಔಷಧ ನನಗೆ ಹಿಡಿಸಲಿಲ್ಲ. ಜೊತೆಗೆ, ಗ್ಯಾಸ್ಕೆಟ್ ಕೆಲಸ ಮಾಡುವುದು ಒತ್ತಡದಿಂದ, ಅಂಟಿನಿಂದಲ್ಲ. ವರ್ಷಗಳಾದ ಮೇಲೆ ಸ್ಪಂಜು ಕುಗ್ಗಿ ಬೋಲ್ಟು ಸಡಿಲವಾದರೆ ಒಳಗಿನಿಂದ ನಾಲ್ಕನ್ನೂ ಸಮವಾಗಿ ಬಿಗಿಯಬೇಕು, ಅದೂ ಕೈಪಿಡಿ ಹೇಳಿದಷ್ಟೇ. ಜೋಶಿನಲ್ಲಿ ತಿರುಗಿಸುತ್ತಾ ಹೋದರೆ ಸ್ಪಂಜು ಅಪ್ಪಚ್ಚಿಯಾಗಿ, ನಿಜವಾದ ಮಳೆಗೇ ಬಾಗಿಲು ತೆರೆದಂತಾಗುತ್ತದೆ.

ಮಳೆ ನೀರೋ ಎಸಿ ನೀರೋ ಎಂದು ಕಂಡುಹಿಡಿಯಲು ಸಭೆ ಬೇಕಿಲ್ಲ. ಎಸಿ ಆಫ್ ಇದ್ದಾಗ ಮಳೆಗೆ ಸೋರಿದರೆ ಗ್ಯಾಸ್ಕೆಟ್ಟಿನತ್ತ ನೋಡಬೇಕು. ಒಣ ಹವೆಯಲ್ಲಿ, ಎಸಿ ಓಡಿದ ಮೇಲೆ ಸೋರಿದರೆ ತಟ್ಟೆಯತ್ತ. ಇದನ್ನು ಹೇಳಿದ್ದಕ್ಕೆ ಸಜ್ಜನರು, "ಆದರೂ ಒಂದು ಕೈ ಬಳಿದಿರಿ" ಎಂದರು.

ಏಣಿ ಹತ್ತಿದೆ. ಹತ್ತುವ ಮೊದಲು ಹೊರಗಿನ ಕರೆಂಟಿನ ಪ್ಲಗ್ ಕಿತ್ತು, ಜನರೇಟರ್ ತಾನಾಗಿ ಶುರುವಾಗದಂತೆ ನೋಡಿಕೊಂಡೆ. ಕರೆಂಟ್ ತೆಗೆದ ಮೇಲೂ ಒಳಗಿನ ವಿದ್ಯುತ್ ಹಿಡಿದಿಡುವ ಕೆಪಾಸಿಟರ್ ಸೇಡು ಉಳಿಸಿಕೊಂಡಿರುತ್ತದೆ, ಅದರ ತಂಟೆಗೆ ಹೋಗಲಿಲ್ಲ. ಬಿಸಿಲಿಗೆ ಹಪ್ಪಳವಾಗಿದ್ದ ಪ್ಲಾಸ್ಟಿಕ್ ಮುಚ್ಚಳದ ಸ್ಕ್ರೂ ಬಿಚ್ಚಿ ಎತ್ತಿದರೆ, ಒಳಗೆ ಕುಂಬಾರ ಹುಳದ ಸಂಸಾರ! ನೀರು ಹೋಗುವ ತೂತಿಗೇ ಮಣ್ಣು ಮೆತ್ತಿ, ಅಚ್ಚುಕಟ್ಟಾಗಿ ಮನೆ ಕಟ್ಟಿಕೊಂಡಿತ್ತು. ಇನ್ನೊಂದು ತೂತಿನಲ್ಲಿ ಕೊಳೆತ ಎಲೆ, ಧೂಳು, ಪಾಚಿ ಸೇರಿದ ಲೋಳೆ. ಮಣ್ಣು ಕೆರೆದು, ಲೋಳೆ ಬಳಿದು, ಮೆತ್ತನೆಯ ಬ್ರಷ್ಷಿನಿಂದ ತಟ್ಟೆ ಉಜ್ಜಿದೆ. ಜೋರಾಗಿ ನೀರು ಚಿಮ್ಮಿಸುವ ಯಂತ್ರವನ್ನು ಸಜ್ಜನರು ಕೆಳಗಿನಿಂದ ಎತ್ತಿ ಕೊಡಲು ಬಂದರು. ಸುರುಳಿಯ ಅಲ್ಯೂಮಿನಿಯಂ ಪಟ್ಟಿಗಳು ಬೆರಳು ತಾಕಿದರೇ ಬಾಗುತ್ತವೆ. ಬಾಗಿದ ಒಂದೊಂದನ್ನೂ ಬಾಚಣಿಗೆ ಹಾಕಿ ನೆಟ್ಟಗೆ ಮಾಡುತ್ತಾ ಕೂರುವ ವ್ಯವಧಾನ ನನಗಿಲ್ಲ. ವಂದಿಸಿ ವಾಪಸ್ ಕಳಿಸಿದೆ.

ಕೊನೆಗೆ ಪರೀಕ್ಷೆ. ತಟ್ಟೆಗೆ ನಿಧಾನವಾಗಿ ಒಂದು ಮಗ್ ನೀರು ಸುರಿದೆ.

"ಒಳಗೆ ಬಂತೇನೇ?"

"ಇಲ್ಲ ರೀ."

"ಮತ್ತೆ ಎಲ್ಲಿ ಹೋಯ್ತು?"

"ಅಪ್ಪನ್ನ ಕೇಳಿ. ಹೊರಗೆ ಗೋಡೆಗೆ ಒರಗಿಕೊಂಡು ನಿಂತಿದ್ರು."

ಜಾಲರಿಯ ಹಿಂದಿನ ಫಿಲ್ಟರನ್ನು ತೆಗೆದಾಗ ಕಂಬಳಿ ತುಂಡೊಂದು ಕೈಗೆ ಬಂದಂತಾಯಿತು. ಇದೂ ನೀರಿನ ವ್ಯವಹಾರವೇ. ಗಾಳಿ ಸಾಕಷ್ಟು ಸಿಗದಿದ್ದರೆ ಸುರುಳಿ ಶೂನ್ಯ ಡಿಗ್ರಿಗಿಂತ ಕೆಳಗಿಳಿದು ಮಂಜುಗಡ್ಡೆ ಕಟ್ಟುತ್ತದೆ. ಎಸಿ ಆರಿಸಿದ ಮೇಲೆ ಅದು ಒಮ್ಮೆಲೇ ಕರಗಿ, ತಟ್ಟೆ ಎಷ್ಟು ಚೊಕ್ಕಟವಾಗಿದ್ದರೂ ತುಂಬಿ ಹರಿಯಬಹುದು. ಒಳಗೆ ತಂಪು ಗಾಳಿಗೂ ವಾಪಸ್ ಎಳೆಯುವ ಗಾಳಿಗೂ ನಡುವೆ ಇರುವ ತಡಿಕೆಯ ಟೇಪ್ ಕಿತ್ತುಹೋದರೂ ಇದೇ ಗತಿ. ಫಿಲ್ಟರ್ ತೊಳೆಯುವ ಜವಾಬ್ದಾರಿಯನ್ನು ಮಗನಿಗೆ ವಹಿಸಿದ್ದೇವೆ, ಅವನು ಅದನ್ನು ತಂಗಿಗೆ ವಹಿಸಿದ್ದಾನೆ.

ಈಗಿನ ಜಗಳ ಗಾಡಿ ನಿಲ್ಲಿಸುವುದರದ್ದು. ತೀರಾ ವಾಲಿಸಿ ನಿಲ್ಲಿಸಿದರೆ ತೂತಿಲ್ಲದ ಮೂಲೆಯಲ್ಲಿ ನೀರು ನಿಂತು ಕಿಂಡಿಗೆ ತುಳುಕುತ್ತದೆ. ತೂತಿರುವ ಕಡೆಗೇ ವಾಲಿಸೋಣವೆಂದರೆ ಫ್ರಿಜ್ ಒಪ್ಪುವುದಿಲ್ಲ. ಅದು ಅಮೋನಿಯಾದ ಮೇಲೆ ನಡೆಯುವ ಜಾತಿಯದು, ಪಂಪಿಲ್ಲ. ದ್ರವ ತನ್ನ ಭಾರಕ್ಕೆ ತಾನೇ ಇಳಿಯಬೇಕು, ಹಾಗಾಗಿ ಸಮತಟ್ಟು ಬೇಡುತ್ತದೆ. ಅತ್ತೆ ರಸಮಟ್ಟ ಹಿಡಿದು ಫ್ರಿಜ್ಜಿನ ಮುಂದೆ ನಿಂತು, "ಎಡಕ್ಕೆ, ಇನ್ನೊಂಚೂರು ಎಡಕ್ಕೆ" ಎಂದು ಕೂಗುತ್ತಾರೆ. ಹೆಂಡತಿ ಎಸಿಯ ಪಕ್ಷ. ಚಕ್ರದ ಕೆಳಗೆ ಹಲಗೆ ಇಡುತ್ತಾ ತೆಗೆಯುತ್ತಾ ಇರುವುದು ನಾನು.

ಚಾವಣಿಯ ಅಂಚಿಗೆ ಉದ್ದನೆಯ ಮೂತಿಗಳನ್ನು ಕೂರಿಸಿದ ಮೇಲೆ ಗೋಡೆಯ ಕಪ್ಪು ಗೆರೆ ಕಡಿಮೆಯಾಗಿದೆ, ನೀರು ದೂರಕ್ಕೆ ಬೀಳುತ್ತದೆ. ಮೊನ್ನೆ ಮಾವನವರು ಮಡಚುವ ಕುರ್ಚಿ ಹಿಡಿದು ಇಳಿದು, "ಅಳಿಯಂದಿರೇ, ಇವತ್ತು ಯಾವ ಕಡೆಗೆ ಬಿಟ್ಟಿದ್ದೀರಿ?" ಎಂದು ಕೇಳಿದರು. ಬಲಗಡೆ ಎಂದೆ. ಅವರು ಎಡಗಡೆಗೆ ಹೋಗಿ, ಕುರ್ಚಿ ಬಿಡಿಸಿ, ಪೇಪರ್ ತೆರೆದು ಕೂತರು. ಆ ಕಡೆ ನಿಂತಿದ್ದು ಸಿಲಿಕೋನ್ ಸಜ್ಜನರ ಗಾಡಿಯಂಥದ್ದೇ ಇನ್ನೊಂದು. ಅವರ ಎಸಿ ಆಗಷ್ಟೇ ಶುರುವಾಗಿತ್ತು.